ನಿಂತವರಿಗೂ ತೆರೆದ ಪೆಟ್ಟಿಗೆ

ಮೊದಲೇ ಹೇಳಿಬಿಡ್ತೀನಿ, ನನಗೂ ನಮ್ಮ ಅತ್ತಿಗೆಗೂ ಎಣ್ಣೆ ಸೀಗೆಕಾಯಿ ಸಂಬಂಧ. ಅವರು ನನ್ನ ಗಂಡನ ಅಕ್ಕ. ನಾನು ಮಾಡಿದ ಟೀಯಲ್ಲಿ ಅವರಿಗೆ ಒಂದು ದಿನವೂ ಸಕ್ಕರೆ ಸರಿಯಾಗಿ ಬಿದ್ದಿಲ್ಲ. ಒಂದು ದಿನ ಪಾಕ ಅಂತಾರೆ, ಮರುದಿನ ಕಷಾಯ ಅಂತಾರೆ. ಇಡೀ ಮಂಡಿ ದುಡ್ಡು ಕೊಟ್ಟು ಕುಡಿಯೋ ಟೀ ಕಣ್ರೀ ಅದು! ಪುಕ್ಕಟೆ ಕುಡಿಯೋರು ಅವರೊಬ್ಬರೇ, ತಕರಾರೂ ಅವರೊಬ್ಬರದೇ. ಅಂಥ ನಾನು ಇವತ್ತು ಕೆಲಸ ಬಿಟ್ಟು ಕೂತು ಅವರನ್ನ ಹೊಗಳ್ತಿದ್ದೀನಿ ಅಂದರೆ, ಆ ಹೆಂಗಸು ಎಂಥವರಿರಬೇಕು ಅಂತ ನೀವೇ ಅಂದಾಜು ಮಾಡಿ.

ನಮ್ಮದು ಸಗಟು ತರಕಾರಿ ಮಂಡಿ. ಮೇಲೆ ತಗಡಿನ ಚಾವಣಿ, ಕೆಳಗೆ ಸಿಮೆಂಟಿನ ನೆಲ, ನೆಲದ ತುಂಬ ಸದಾ ಎಲೆಕೋಸಿನ ಸಿಪ್ಪೆ. ಬೆಳಕು ಹರಿಯೋ ಹೊತ್ತಿಗೆ ಲಾರಿಗಳು ಬಂದು ಸಾಲಾಗಿ ನಿಂತಿರ್ತವೆ. ಹಮಾಲರು ಬೆನ್ನ ಮೇಲೆ ಮೂಟೆ ಹೊತ್ತು "ದಾರಿ, ದಾರಿ" ಅಂತ ಓಡ್ತಿರ್ತಾರೆ. ದಾರಿ ಬಿಡದವರ ಕಾಲಿಗೆ ಅವರು ಜವಾಬ್ದಾರರಲ್ಲ. ದೊಡ್ಡ ಬಾಗಿಲ ಪಕ್ಕದ ಟೀ ಅಂಗಡಿ ನನ್ನದು. ಮಧ್ಯದಲ್ಲಿ ಒಂದು ಎತ್ತರದ ಕಟ್ಟೆ ಇದೆ, ಅದರ ಮೇಲೆ ನಿಂತು ಹರಾಜು ಕೂಗೋದು ನಮ್ಮವರ ಕೆಲಸ. ಅತ್ತಿಗೆಯದು ಹರಿದ ಗೋಣಿಚೀಲ ಹೊಲಿಯೋದು.

ಗೋಣಿಚೀಲಕ್ಕೆ ಬಟ್ಟೆ ಹೊಲಿಯೋ ಸೂಜಿ ನಡೆಯಲ್ಲ. ಬೆರಳಿಗಿಂತ ಉದ್ದದ, ದಪ್ಪನೆಯ ಸೂಜಿ ಬೇಕು, ಅದಕ್ಕೆ ದಬ್ಬಳ ಅಂತಾರೆ. ಅತ್ತಿಗೆ ಕಾಲು ಚಾಚಿ ಕೂತು, ತೊಡೆ ಮೇಲೆ ಚೀಲ ಹರಡಿ, ಹುರಿ ಪೋಣಿಸಿದ ದಬ್ಬಳ ಹಿಡಿದರು ಅಂದರೆ ಮುಗೀತು, ಸಂಜೆವರೆಗೂ ಕೈ ನಿಲ್ಲಲ್ಲ. ಬಾಯಿ ಅಂತೂ ಮೊದಲೇ ನಿಲ್ಲಲ್ಲ. ಧೂಳಿಗೆ ಅಂತ ಮೂಗು ಬಾಯಿ ಮುಚ್ಚಿ ಬಟ್ಟೆ ಕಟ್ಟಿರ್ತಾರೆ, ಬೈಗುಳ ಆ ಬಟ್ಟೆಯಿಂದಲೂ ಸೋಸಿಕೊಂಡು ಬರುತ್ತೆ. ಅದಕ್ಕೇ ಮಂಡಿಗೆಲ್ಲ ಅವರು ದಬ್ಬಳದಕ್ಕ. ದಬ್ಬಳ ಇರೋದು ಕೈಯಲ್ಲೋ ನಾಲಿಗೆಯಲ್ಲೋ ಅಂತ ಹಮಾಲರು ತಮಾಷೆ ಮಾಡ್ತಾರೆ. ಅವರ ಎದುರಿಗಲ್ಲ, ಅಷ್ಟು ಗಂಡೆದೆ ಯಾರಿಗೂ ಇಲ್ಲ.

ಅಪ್ಪ ಅಮ್ಮ ಒಬ್ಬರ ಬೆನ್ನಿಗೆ ಒಬ್ಬರು ತೀರಿಕೊಂಡಾಗ ಅತ್ತಿಗೆ ಇನ್ನೂ ಸ್ಕೂಲಿಗೆ ಹೋಗ್ತಿದ್ದ ಹುಡುಗಿ. ತಮ್ಮ ಇನ್ನೂ ಅನ್ನ ಕಲಸಿ ತಿನ್ನೋಕೂ ಬಾರದ ಕೂಸು. ನೆಂಟರು ಬಂದರು, ಲೊಚಗುಟ್ಟಿದರು, ಊಟ ಮಾಡಿದರು, ಹೋದರು. ಮರುವಾರ ಅತ್ತಿಗೆ ಪುಸ್ತಕದ ಚೀಲ ಗೂಟಕ್ಕೆ ನೇತುಹಾಕಿ ಮಂಡಿಗೆ ಬಂದು ಗೋಣಿಚೀಲ ಹಿಡಿದರು. ಅವತ್ತು ಹಿಡಿದ ದಬ್ಬಳ ಇವತ್ತಿಗೂ ಬಿಟ್ಟಿಲ್ಲ. ತಮ್ಮನನ್ನ ಓದಿಸಿದರು, ಓದು ತಲೆಗೆ ಹತ್ತಲ್ಲ ಅಂತ ಗೊತ್ತಾದ ಮೇಲೆ ಕಟ್ಟೆ ಹತ್ತಿಸಿದರು, ಹುಡುಗಿ ಹುಡುಕಿ ಮದುವೆ ಮಾಡಿದರು. ಆ ಹುಡುಗಿ ನಾನು. ಹೊಸದರಲ್ಲಿ ಒಂದು ಸಲ ಧೈರ್ಯ ಮಾಡಿ ಕೇಳಿದ್ದೆ, "ಅತ್ತಿಗೆ, ನೀವ್ಯಾಕೆ ಮದುವೆ ಆಗಲಿಲ್ಲ?" ಅಂತ. "ಒಂದು ಗಂಡಸನ್ನ ಬೆಳೆಸಿದ ಮೇಲೆ ಇನ್ನೊಂದನ್ನ ಬೆಳೆಸೋ ತಾಳ್ಮೆ ಉಳೀಲಿಲ್ಲ" ಅಂದರು.

ಈಗ ಪೆಟ್ಟಿಗೆ ವಿಷಯಕ್ಕೆ ಬರ್ತೀನಿ. ನಮ್ಮ ಮಂಡಿಯಲ್ಲಿ ಕಷ್ಟದ ಪೆಟ್ಟಿಗೆ ಅಂತ ಒಂದಿದೆ. ಕೂಲಿ ಬಟವಾಡೆಯ ದಿನ ಹಮಾಲರು, ತರಕಾರಿ ಆರಿಸೋ ಹೆಂಗಸರು, ತೂಕದವರು, ನನ್ನಂಥ ಅಂಗಡಿಯವರು, ಎಲ್ಲರೂ ಕೈಲಾದಷ್ಟು ಅದರಲ್ಲಿ ಹಾಕ್ತೀವಿ. ಯಾರಿಗಾದರೂ ಕಾಯಿಲೆ ಕಸಾಲೆ ಆದರೆ ಅದರಿಂದ ಕೊಡೋದು. ಅಧ್ಯಕ್ಷರು ಈರುಳ್ಳಿ ಸಾಹುಕಾರರು. ಕೀಲಿ ಮಾತ್ರ ಅತ್ತಿಗೆ ಸೊಂಟದಲ್ಲಿ, ಯಾಕಂದರೆ ಅಲ್ಲಿಂದ ಕದಿಯೋಕೆ ಹೋಗೋ ಕಳ್ಳ ಇನ್ನೂ ಹುಟ್ಟಿಲ್ಲ.

ಮೊದಮೊದಲು ಕೇಳಿದವರಿಗೆಲ್ಲ ಕೊಡ್ತಿದ್ದರು. ಆಗ ನೋಡಿ, ಒಬ್ಬನಿಗೆ ಪ್ರತಿ ಬಟವಾಡೆ ಮರುದಿನವೂ ತಲೆನೋವು, ಇನ್ನೊಬ್ಬನಿಗೆ ಸಿನಿಮಾ ಬಿಡುಗಡೆ ದಿನವೇ ಹೊಟ್ಟೆನೋವು. ಪೆಟ್ಟಿಗೆ ತಳ ಕಂಡಿತು. ಅತ್ತಿಗೆ ರೇಗಿ ಒಂದು ನಿಯಮ ತಂದರು: ಮಲಗಿದವರಿಗೆ ಮಾತ್ರ. ಆಸ್ಪತ್ರೆಯಲ್ಲೋ ಮನೆಯಲ್ಲೋ ಹಾಸಿಗೆ ಹಿಡಿದಿರಬೇಕು. ಎರಡು ಕಾಲ ಮೇಲೆ ನಡೆದುಬಂದು ಕೇಳಿದವರಿಗೆ ಚಿಕ್ಕಾಸೂ ಇಲ್ಲ. ಎಲ್ಲರೂ ಭಲೇ ಅಂದರು. ತಲೆನೋವು ಹೊಟ್ಟೆನೋವು ಮಾಯ ಆದವು, ಪೆಟ್ಟಿಗೆ ತುಂಬಿತು.

ಆಮೇಲೆ ಬಂತು ತೂಕದವನ ಕಥೆ. ಒಳ್ಳೆ ಮನುಷ್ಯ, ತಕ್ಕಡಿ ಹಿಡಿದರೆ ಒಂದು ಕಾಳು ಆ ಕಡೆ ಈ ಕಡೆ ಆಗ್ತಿರಲಿಲ್ಲ. ಕೆನ್ನೆ ಒಳಗೆ ಹುಣ್ಣು ಎದ್ದಿತ್ತು. ಖಾರ ತಿಂದರೆ ಉರಿ ಅಂತಿದ್ದ, ಕೆನ್ನೆ ಮೇಲೆ ಕೈ ಇಟ್ಟುಕೊಂಡೇ ಕೆಲಸಕ್ಕೆ ಬರ್ತಿದ್ದ. ಆಸ್ಪತ್ರೆಗೆ ಹೋಗೋಕೆ ದುಡ್ಡಿಲ್ಲ. ನಿಂತಿದ್ದಾನಲ್ಲ, ಪೆಟ್ಟಿಗೆ ಕೇಳೋ ಹಾಗಿಲ್ಲ. ಅವನು ಕೇಳಲೂ ಇಲ್ಲ, ಮರ್ಯಾದಸ್ಥ. ಬಾಯಿ ತೆರೆಯೋಕೇ ಆಗದೆ ಮಲಗಿದ ದಿನ ನಿಯಮದ ಪ್ರಕಾರ ಪೆಟ್ಟಿಗೆ ತೆರೀತು. ದೊಡ್ಡಾಸ್ಪತ್ರೆ, ದವಡೆ ಆಪರೇಷನ್, ರೇಡಿಯೇಷನ್ ಕರೆಂಟು ಕೊಡೋದು, ಔಷಧಿ, ಮತ್ತೆ ಆಪರೇಷನ್. ಪೆಟ್ಟಿಗೆಯ ದುಡ್ಡು ಪೂರ್ತಿ ಹೋಯ್ತು, ಅವನ ಮನೆ ಹೋಯ್ತು, ಹೆಂಡತಿ ಕತ್ತಿನಲ್ಲಿದ್ದದ್ದೂ ಹೋಯ್ತು, ಕೊನೆಗೆ ಅವನೂ ಹೋದ. ಈಗ ಆ ಹೆಂಡತಿ ಮಂಡಿಯಲ್ಲಿ ಟೊಮೇಟೊ ಆರಿಸ್ತಾಳೆ. ಅವಳು ಕೆಲಸಕ್ಕೆ ಬಂದ ಮೊದಲ ದಿನ ಅತ್ತಿಗೆ ತಮ್ಮ ಪಕ್ಕದಲ್ಲೇ ಜಾಗ ಮಾಡಿಕೊಟ್ಟರು.

ಇನ್ನು ನಮ್ಮವರ ಗಂಟಲು. ಹರಾಜು ಕೂಗೋರ ಲೋಕದಲ್ಲಿ ಒಂದು ವಿಚಿತ್ರ ಇದೆ. ಹೊಸದಾಗಿ ಕಟ್ಟೆ ಹತ್ತಿದವನ ದನಿ ಚೊಕ್ಕವಾಗಿರುತ್ತೆ, ಅವನನ್ನ ಯಾರೂ ಕ್ಯಾರೇ ಅನ್ನಲ್ಲ. ಕೂಗಿ ಕೂಗಿ ದನಿ ಒಡೆದು, ಗೊರಗೊರ ಅನ್ನೋಕೆ ಶುರುವಾದರೆ "ಗಂಟಲು ಪಳಗಿತು" ಅಂತಾರೆ. ಆಗಲೇ ಅವನಿಗೆ ಬೆಲೆ. ನಮ್ಮವರ ದನಿ ವರ್ಷಗಟ್ಟಲೆ ಗಂಟೆ ಹೊಡೆದ ಹಾಗೇ ಇತ್ತು, ಅದೇ ಅವರಿಗೊಂದು ಕೊರಗು. ಒಂದು ಚಳಿಗಾಲದಲ್ಲಿ ದನಿ ಒಡೀತು. ಮಂಡಿಗೆ ಮಂಡಿಯೇ ಬಂದು ಬೆನ್ನು ತಟ್ಟಿತು. ಸಾಹುಕಾರರು ಹೊಸ ಬಿಳಿ ಅಂಗಿ ಕೊಡಿಸಿದರು. ನಾನು, ದಡ್ಡಿ, ಖುಷಿಗೆ ಎಲ್ಲರಿಗೂ ಪುಕ್ಕಟೆ ಟೀ ಕೊಟ್ಟೆ. ಗಂಡನ ರೋಗಕ್ಕೆ ಪಾರ್ಟಿ ಕೊಟ್ಟವಳು ಈ ಲೋಕದಲ್ಲಿ ನಾನೊಬ್ಬಳೇ ಇರಬೇಕು.

ಹೀಗೇ ನಡೀತಿತ್ತೋ ಏನೋ. ಆದರೆ ಒಂದು ದಿನ ಬಿರುಗಾಳಿ ಬೀಸಿ ಮಂಡಿಯ ಚಾವಣಿ ಹಾರಿಹೋಯ್ತು. ರಿಪೇರಿಗೆ ಅಂತ ಮೂರು ವಾರ ಬಾಗಿಲು ಹಾಕಿದರು. ಕೂಲಿ ಇಲ್ಲ, ವ್ಯಾಪಾರ ಇಲ್ಲ. ನಮ್ಮವರು ಮನೆಯಲ್ಲಿ ಅಂಗಾತ ಮಲಗಿ ರೇಡಿಯೋ ಕೇಳೋದು, ನಾನು ಖಾಲಿ ಡಬ್ಬಗಳನ್ನ ತೊಳೆದದ್ದೇ ತೊಳೆಯೋದು. ಆ ದಿನಗಳು ಮುಗೀತಾ ಬಂದಾಗ ಒಂದು ಮಧ್ಯಾಹ್ನ ಅತ್ತಿಗೆ ಬಂದರು.

"ಬಾ ಅಕ್ಕ, ಕೂತ್ಕೋ" ಅಂದರು ನಮ್ಮವರು.

ಅತ್ತಿಗೆ ಚಪ್ಪಲಿ ಬಿಡ್ತಿದ್ದವರು ಒಂದು ಕಾಲಿನ ಚಪ್ಪಲಿಯಲ್ಲೇ ನಿಂತರು. "ಯಾರ ಜೊತೆ ಜಗಳ ಆಡಿದ್ಯೋ?"

"ಜಗಳ ಎಲ್ಲಿಂದ ಬಂತು? ಮಂಡಿ ಮುಚ್ಚಿದಾಗಿಂದ ಜೋರಾಗಿ ಕೆಮ್ಮಿದ್ದೂ ಇಲ್ಲ ನಾನು."

"ಮತ್ತೆ ಗಂಟಲು ಇನ್ನೂ ಯಾಕೆ ಹೀಗಿದೆ?"

"ಪಳಗಿದೆ ಅಕ್ಕ."

"ಪಳಗೋಕೆ ಅದೇನು ಹೊಸ ಚಪ್ಪಲಿನಾ? ಕೂಗಿ ಒಡೆದದ್ದಾದರೆ ಕೂಗೋದು ಬಿಟ್ಟ ಮೇಲೆ ಕೂಡಬೇಕು ತಾನೇ? ಮೂರು ವಾರ ಬಿದ್ಕೊಂಡಿದ್ದೀಯ, ಇನ್ನೂ ಅದೇ ಗೊರಗೊರ. ಅಂಗಿ ಹಾಕ್ಕೋ, ನಡಿ."

"ಎಲ್ಲಿಗೆ?"

"ಮೆರವಣಿಗೆಗೆ! ಡಾಕ್ಟರ್ ಹತ್ರ ಕಣೋ, ಇನ್ನೆಲ್ಲಿಗೆ?"

ನಮ್ಮ ಬೀದಿಯ ತುದಿಯ ಚಿಕ್ಕ ಆಸ್ಪತ್ರೆಯಲ್ಲಿ ವಯಸ್ಸಾದ ಡಾಕ್ಟರೊಬ್ಬರಿದ್ದಾರೆ. ಅವರು ಟಾರ್ಚು ಬಿಟ್ಟು ನೋಡಿದರು, ಕತ್ತು ಒತ್ತಿ ನೋಡಿದರು. ಸಿಗರೇಟು ಸೇದ್ತೀರಾ ಅಂದರು. ನಮ್ಮವರು ಚಾವಣಿ ನೋಡಿದರು. "ಸೇದ್ತಾನೆ" ಅಂದರು ಅತ್ತಿಗೆ. ಡಾಕ್ಟರ್ ನಗಲಿಲ್ಲ. "ಇಷ್ಟು ದಿನ ದನಿ ಒಡೆದಿದ್ದರೆ ಸುಮ್ಮನಿರಬಾರದು. ದೊಡ್ಡಾಸ್ಪತ್ರೆಗೆ ಹೋಗಿ, ಮೂಗಿನಿಂದ ಸಣ್ಣ ಕೊಳವೆ ಬಿಟ್ಟು ಒಳಗೆ ನೋಡ್ತಾರೆ. ಬಹಳ ಜನಕ್ಕೆ ಏನೂ ಇರಲ್ಲ. ಆದರೆ ಇಲ್ಲ ಅನ್ನೋದನ್ನ ನೋಡಿಯೇ ಹೇಳಬೇಕು" ಅಂದರು. ಆ ಪರೀಕ್ಷೆಗೆ, ಅದರ ಹಿಂದೆ ಬರೋ ಪರೀಕ್ಷೆಗಳಿಗೆ ಎಷ್ಟಾಗಬಹುದು ಅಂತಲೂ ಹೇಳಿದರು. ಅಷ್ಟು ನಮ್ಮ ಮನೆಯ ಡಬ್ಬಗಳನ್ನೆಲ್ಲ ತಲೆಕೆಳಗು ಮಾಡಿದರೂ ಉದುರ್ತಿರಲಿಲ್ಲ. ಮಗಳ ಕಾಲೇಜಿಗೆ ನನ್ನ ಬಳೆ ಆಗಲೇ ಹೋಗಿದ್ದವು.

ಮನೆಗೆ ಬರ್ತಿದ್ದ ಹಾಗೇ ನಮ್ಮವರು ರಾಗ ತೆಗೆದರು. "ನನಗೇನಾಗಿದೆ? ಗುಂಡುಕಲ್ಲಿನ ಹಾಗಿದ್ದೀನಿ. ಮಂಡಿ ತೆರೀಲಿ, ದುಡ್ಡು ಸೇರಿಸ್ಕೊಂಡು ನಿಧಾನಕ್ಕೆ ನೋಡೋಣ."

ನನಗೆ ಹೆದರಿಕೆ ಆದರೆ ಮೊದಲು ಸಿಟ್ಟು ಬರುತ್ತೆ. ಅತ್ತಿಗೆ ಮೇಲೆ ಹರಿಹಾಯ್ದೆ. "ಪೆಟ್ಟಿಗೆ ಕೀಲಿ ನಿಮ್ಮ ಸೊಂಟದಲ್ಲೇ ಇದೆಯಲ್ಲ, ಅತ್ತಿಗೆ. ಬೆಳೆಸಿದ ತಮ್ಮನಿಗೆ ಒಂದು ಹಿಡಿ ತೆಗೆದುಕೊಟ್ಟರೆ ಯಾರು ಕೇಳ್ತಾರೆ?"

"ಕೀಲಿ ನನ್ನ ಸೊಂಟದಲ್ಲಿದೆ. ದುಡ್ಡು ನಮ್ಮಪ್ಪನದಲ್ಲ" ಅಂದರು.

"ಹಾಗಾದರೆ ಕಾಯೋಣ ಬಿಡಿ! ನಿಮ್ಮ ತಮ್ಮ ತೂಕದವನ ಹಾಗೆ ಮಲಗಲಿ. ಆಗ ನೀವೇ ಬಂದು ಪೆಟ್ಟಿಗೆ ತೆರೆಯೋರಂತೆ!"

ಬೇರೆ ದಿನವಾಗಿದ್ದರೆ ಆ ಮಾತಿಗೆ ನನ್ನ ಚರ್ಮ ಸುಲೀತಿದ್ದರು. ಅವತ್ತು ಚಪ್ಪಲಿ ಮೆಟ್ಟಿಕೊಂಡು ಹೊರಟುಹೋದರು. ಟೀ ಕುಡಿಯದೆ ಹೋದರು ಅನ್ನೋದು ಲೋಟ ಕೈಗೆ ತಗೊಂಡಾಗ ಗೊತ್ತಾಯ್ತು.

ಮಂಡಿ ತೆರೆದ ದಿನ ಹರಾಜು ಮುಗಿದ ಮೇಲೆ ಅತ್ತಿಗೆ ಎಲ್ಲರನ್ನೂ ಸೇರಿಸಿದರು. ಜನ ಬೋರಲು ಹಾಕಿದ ಕ್ರೇಟುಗಳ ಮೇಲೆ ಕೂತರು, ನಾನು ಟೀ ಕೆಟಲ್ ಹಿಡಿದು ನಿಂತೆ. ಸಾಹುಕಾರರು ಏನು ವಿಷಯ ಅಂದರು. "ಪೆಟ್ಟಿಗೆಯಿಂದ ದುಡ್ಡು ಬೇಕು. ನನ್ನ ತಮ್ಮನ ಗಂಟಲು ಪರೀಕ್ಷೆ ಮಾಡಿಸಬೇಕು" ಅಂದರು ಅತ್ತಿಗೆ.

ಅಷ್ಟೇ, ನಗು ಶುರುವಾಯ್ತು. ನಗದೇ ಏನು ಮಾಡ್ತಾರೆ? ಗಂಟಲಿನ ಮಾಲೀಕರು ಆಗತಾನೇ ಕಟ್ಟೆ ಮೇಲೆ ನಿಂತು ಲಾರಿಗಟ್ಟಲೆ ಕೋಸು ಮಾರಿ ಇಳಿದಿದ್ದರು.

ಹಮಾಲರ ಮುಖಂಡ ಎದ್ದ. "ದಬ್ಬಳದಕ್ಕ, ಹೋದ ವರ್ಷ ನನ್ನ ಸೊಂಟ ಹಿಡಿದಾಗ, ನಡೆದು ಬಂದವನು ನಡೆದೇ ಹೋಗು ಅಂದವರು ಯಾರು?"

"ನಾನೇ."

"ಈಗ ತಮ್ಮ ಅಂದ ತಕ್ಷಣ ನಿಯಮ ಬೇರೆನಾ? ಕರುಳು ಚುರುಕ್ ಅಂತಾ?"

ಆ ಮಾತು ನನಗೇ ಚುಚ್ಚಿತು. ಇಷ್ಟು ವರ್ಷ ಯಾರೂ ಅತ್ತಿಗೆಯ ಮುಖಕ್ಕೆ ಹೊಡೆದ ಹಾಗೆ ಹೀಗೆ ಮಾತಾಡಿರಲಿಲ್ಲ. ಸಾಹುಕಾರರು ಮೆತ್ತಗೇ ಹೇಳಿದರು, "ನಿಯಮ ತಂದವರು ನೀವೇ ಅಲ್ಲವೇನಮ್ಮಾ? ಮಲಗಿದವರಿಗೆ ಮಾತ್ರ."

ಅತ್ತಿಗೆ ತಮ್ಮನ ಕಡೆ ತಿರುಗಿದರು. "ಮಲಗೋ."

"ಅಕ್ಕ?"

"ಮಲಗು ಅಂದೆ."

ನಮ್ಮವರು ಆರಡಿ ಆಳು. ಅಕ್ಕನ ಮುಖ ನೋಡಿದರು, ನನ್ನ ಮುಖ ನೋಡಿದರು, ಆಮೇಲೆ ಆ ಹೊಸ ಬಿಳಿ ಅಂಗಿಯಲ್ಲೇ ಕೋಸಿನ ಸಿಪ್ಪೆಯ ಮೇಲೆ, ಸಿಮೆಂಟು ನೆಲದಲ್ಲಿ ಉದ್ದಕ್ಕೆ ಮಲಗಿಬಿಟ್ಟರು. ಮಂಡಿ ಬಿದ್ದು ಬಿದ್ದು ನಕ್ಕಿತು. ಒಬ್ಬ ತಲೆದಿಂಬಿಗೆ ಅಂತ ಒಂದು ಕುಂಬಳಕಾಯಿ ಉರುಳಿಸಿದ.

"ಮಲಗಿದ, ನೋಡಿ. ಈಗ ಕೊಡಿ" ಅಂದರು ಅತ್ತಿಗೆ. ನಗು ಇನ್ನೂ ಜೋರಾಯ್ತು. "ನಗಿ, ನಗಿ. ತೂಕದವನು ಮಲಗಿದಾಗ ಯಾರೂ ನಗಲಿಲ್ಲ. ಅವನು ಕೆನ್ನೆ ಹಿಡಿದುಕೊಂಡು ಇದೇ ನೆಲದ ಮೇಲೆ ತಿಂಗಳುಗಟ್ಟಲೆ ಓಡಾಡಿದ, ನಾವೆಲ್ಲ ನೋಡಿದ್ವಿ. ನಿಂತಿದ್ದಾನೆ ಅಂತ ಒಂದು ಕಾಸು ಕೊಡಲಿಲ್ಲ. ಮಲಗಿದ ಮೇಲೆ ಪೆಟ್ಟಿಗೆಯನ್ನೇ ಬೋರಲು ಹಾಕಿದ್ವಿ, ಸಾಲಲಿಲ್ಲ. ಉಗುರಲ್ಲಿ ಹೋಗೋದಕ್ಕೆ ಕೊಡಲಿ ತಗೊಂಡ್ವಿ. ಮರಾನೂ ಉಳೀಲಿಲ್ಲ, ಕೊಡಲೀನೂ ಉಳೀಲಿಲ್ಲ. ಕಳ್ಳರು ಬರಬಾರದು ಅಂತ ನಾನು ಬಾಗಿಲು ಹಾಕಿದೆ. ರೋಗದವರೂ ಹೊರಗೇ ಉಳಿದುಬಿಟ್ಟರು. ನಿಯಮ ನಂದೇ. ತಪ್ಪು ನಿಯಮ."

ನಗು ನಿಂತಿತ್ತು. ನಮ್ಮವರು ಏಳೋದೋ ಮಲಗೋದೋ ಗೊತ್ತಾಗದೆ ನೆಲದಲ್ಲೇ ಕಣ್ಣು ಪಿಳಿಪಿಳಿ ಬಿಡ್ತಿದ್ದರು.

"ಪರೀಕ್ಷೆಯಲ್ಲಿ ಏನೂ ಇಲ್ಲ ಅಂತ ಬಂದರೆ? ಹತ್ತು ಜನರ ದುಡ್ಡು ನೀರಲ್ಲಿ ಹೋಮ ಮಾಡಿದ ಹಾಗಾಗಲ್ವೇ?" ಅಂದರು ಸಾಹುಕಾರರು. ಅವರು ಕೆಟ್ಟವರಲ್ಲ, ಹತ್ತು ಜನರ ದುಡ್ಡಿಗೆ ಉತ್ತರ ಹೇಳಬೇಕಾದವರು.

"ಏನೂ ಇಲ್ಲ ಅಂತ ಬಂದರೆ ಅದಕ್ಕಿಂತ ಒಳ್ಳೆ ಸುದ್ದಿ ಯಾವುದಿದೆ? ಅವತ್ತು ಎಲ್ಲ ಸೇರಿ ನನ್ನ ಆಡಿಕೊಂಡು ನಗಿ. ನಾನೂ ನಿಮ್ಮ ಜೊತೆ ನಗ್ತೀನಿ."

ಆಗ ಹಿಂದಿನಿಂದ ತೂಕದವನ ಹೆಂಡತಿ ಎದ್ದಳು. ಸಭೆಯಲ್ಲಿ ಬಾಯಿ ತೆರೆದವಳೇ ಅಲ್ಲ ಅವಳು. ಸೆರಗಿಗೆ ಕೈ ಒರೆಸಿಕೊಳ್ತಾ, ಯಾರನ್ನೂ ನೋಡದೆ ಹೇಳಿದಳು, "ನಮ್ಮವರಿಗೆ ಅಷ್ಟೊಂದು ಕೊಟ್ಟಿರಿ. ನಿಮ್ಮ ಋಣ ನಾನು ತೀರಿಸೋಕಾಗಲ್ಲ. ಆದರೆ ಆ ಡಾಕ್ಟರು, ಹುಣ್ಣು ಸಣ್ಣದಿದ್ದಾಗಲೇ ಕರ್ಕೊಂಡು ಬರಬಾರದಿತ್ತೇನಮ್ಮ ಅಂದರು. ಆಗ ಇಷ್ಟು ಖರ್ಚೂ ಇರ್ತಿರಲಿಲ್ಲ, ಮನುಷ್ಯನೂ ಉಳೀತಿದ್ದ ಅಂದರು. ನಾನು ಏನು ಹೇಳಲಿ ಅವರಿಗೆ? ನಮ್ಮವರು ಆಗ ಇನ್ನೂ ನಿಂತಿದ್ದರು ಅಂತ ಹೇಳಲಾ?"

ನಾನು ಕೆಟಲ್ ಕೆಳಗಿಟ್ಟೆ. ಹಮಾಲರ ಮುಖಂಡ ಮುಂದೆ ಬಂದು ನಮ್ಮವರಿಗೆ ಕೈ ಕೊಟ್ಟು ಎಬ್ಬಿಸಿದ. "ಏಳಣ್ಣ, ಅಂಗಿ ಹಾಳಾಯ್ತು" ಅಂದ. ಆಮೇಲೆ ಅದೇ ಕೈ ಮೇಲೆತ್ತಿ "ನನ್ನದು ಒಪ್ಪಿಗೆ" ಅಂದ. ಒಬ್ಬೊಬ್ಬರಾಗಿ ಎಲ್ಲರ ಕೈ ಮೇಲೆದ್ದವು. ಕೊನೆಗೆ ಸಾಹುಕಾರರದೂ ಎದ್ದಿತು. ಇನ್ನು ಮುಂದೆ ಡಾಕ್ಟರ್ ಪರೀಕ್ಷೆಯೋ ಚಿಕಿತ್ಸೆಯೋ ಬರೆದುಕೊಟ್ಟರೆ ನಿಂತವರಿಗೂ ಪೆಟ್ಟಿಗೆ ತೆರೆಯೋದು ಅಂತ ತೀರ್ಮಾನ ಆಯ್ತು.

ಅಷ್ಟಕ್ಕೇ ಮುಗಿಸಲಿಲ್ಲ ನಮ್ಮ ಅತ್ತಿಗೆ. ಸೊಂಟದಿಂದ ಕೀಲಿ ಬಿಚ್ಚಿ ತೂಕದವನ ಹೆಂಡತಿ ಕೈಗೆ ಹಾಕಿದರು. "ಸ್ವಂತ ತಮ್ಮನಿಗೆ ಕೇಳಿದವಳ ಹತ್ರ ಕೀಲಿ ಇರಬಾರದು. ಇನ್ನು ನೀನು ತೆಗಿ, ನೀನೇ ಕೊಡು" ಅಂದರು. ಎಷ್ಟು ಜನ ಬೇಡ ಅಂದರೂ ಕೇಳಲಿಲ್ಲ. ಅವರ ಸೊಂಟ ಖಾಲಿ ಆಯ್ತು. ಮಂಡಿಯಲ್ಲಿ ಅವರಿಗಿದ್ದ ಒಂದೇ ಒಂದು ದೊಡ್ಡಸ್ತಿಕೆ ಅದು.

ದೊಡ್ಡಾಸ್ಪತ್ರೆಯಲ್ಲಿ ಕೊಳವೆ ಬಿಟ್ಟು ನೋಡಿದರು, ಒಂದು ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ವಾರ ಕಳೆದ ಮೇಲೆ ಕರೆದರು. ಗಂಟಲು ಡಾಕ್ಟರ್ ವಯಸ್ಸಿನಲ್ಲಿ ನನ್ನ ಮಗಳಿಗಿಂತ ಸ್ವಲ್ಪ ದೊಡ್ಡವಳು, ಕುರ್ಚಿ ಎಳೆದುಕೊಂಡು ನಮ್ಮ ಹತ್ತಿರವೇ ಕೂತಳು. ದನಿ ಹೊರಡೋ ಪಟ್ಟಿಯ ಮೇಲೆ ಕ್ಯಾನ್ಸರ್ ಇದೆ ಅಂದಳು. ನನಗೆ ಆ ಒಂದು ಪದ ಬಿಟ್ಟು ಮುಂದಿನದು ಏನೂ ಕಿವಿಗೆ ಬೀಳಲಿಲ್ಲ. ಕೇಳಿಸಿಕೊಂಡವರು ಅತ್ತಿಗೆ.

"ಉಳೀತಾನಾ?"

"ತುಂಬ ಸಣ್ಣದಿದ್ದಾಗಲೇ ಸಿಕ್ಕಿದೆ ಅಮ್ಮ. ಆಪರೇಷನ್ ಬೇಡ, ಒಂದೂವರೆ ತಿಂಗಳು ಕರೆಂಟು ಕೊಟ್ಟರೆ ಸಾಕು. ಈ ಹಂತದಲ್ಲಿ ಬಂದವರಲ್ಲಿ ಬಹುಪಾಲು ಜನ ಗುಣ ಆಗ್ತಾರೆ. ಬೆಳೆಯೋಕೆ ಬಿಟ್ಟಿದ್ದರೆ ಧ್ವನಿಪೆಟ್ಟಿಗೆಯನ್ನೇ ತೆಗೀಬೇಕಾಗಬಹುದಿತ್ತು. ಖರ್ಚು ಎಷ್ಟೋ ಪಟ್ಟು, ಅಷ್ಟಾದರೂ ನಾನು ಇಷ್ಟು ಧೈರ್ಯವಾಗಿ ಮಾತಾಡ್ತಿರಲಿಲ್ಲ."

"ದನಿ?"

"ಅದನ್ನ ಕಾದು ನೋಡಬೇಕು. ಮಾತಾಡೋ ದನಿ ಬರುತ್ತೆ. ಮಂಡಿಯಲ್ಲಿ ಕೂಗೋವಷ್ಟು ಬರುತ್ತೋ ಇಲ್ಲವೋ, ನಾನು ಸುಳ್ಳು ಭರವಸೆ ಕೊಡಲ್ಲ."

ನಾನು ಹೇಳಿದೆ ಅಲ್ವಾ ಅಂತ ಅತ್ತಿಗೆ ಒಂದು ಸಲವೂ ಅನ್ನಲಿಲ್ಲ. ನಾನಾಗಿದ್ದರೆ ವರ್ಷಪೂರ್ತಿ ಅಂತಿದ್ದೆ.

ನಮ್ಮವರಿಗೆ ಜೀವಕ್ಕಿಂತ ದನಿಯದೇ ಚಿಂತೆ. ಕಟ್ಟೆ ಮೇಲೆ ನಿಂತಾಗ ಅವರು ರಾಜ, ಇಳಿದರೆ ಬರೀ ಟೀ ಅಂಗಡಿಯವಳ ಗಂಡ. ಅದು ಅವರಿಗೂ ಗೊತ್ತು. ಹೊಟ್ಟೆಪಾಡೂ ಆ ದನಿಯದೇ. ಇನ್ನೊಬ್ಬ ಕೂಗುವವನನ್ನ ಸಾಹುಕಾರರು ತಾತ್ಕಾಲಿಕ ಅಂತ ಹಾಕಿದ್ದರು. ತಾತ್ಕಾಲಿಕ ಅನ್ನೋದು ಎಷ್ಟು ಬೇಗ ಕಾಯಂ ಆಗುತ್ತೆ ಅಂತ ಮಂಡಿಯವರಿಗೆ ಹೇಳಿಕೊಡಬೇಕಾ?

ಕರೆಂಟು ಕೊಡೋ ದಿನಗಳಲ್ಲಿ ತಮ್ಮನನ್ನ ಬಸ್ಸಿನಲ್ಲಿ ಕರ್ಕೊಂಡು ಹೋಗಿ ಬರ್ತಿದ್ದವರು ಅತ್ತಿಗೆ. ನನಗೆ ಅಂಗಡಿ ಮುಚ್ಚೋ ಹಾಗಿರಲಿಲ್ಲ. ಅವರು ಕೈ ಕಟ್ಟಿ ಕೂರೋರಲ್ಲ, ಒಂದು ದಿನ ಗೋಣಿಚೀಲದ ಕಟ್ಟನ್ನೂ ಹೊತ್ತುಕೊಂಡು ಹೋಗಿ ಆಸ್ಪತ್ರೆ ವರಾಂಡದಲ್ಲೇ ದಬ್ಬಳ ತೆಗೆದು ಶುರುಮಾಡಿದರಂತೆ. ನರ್ಸು ಓಡಿಬಂದು "ಏನಮ್ಮಾ ಈ ಧೂಳು, ಇದು ಆಸ್ಪತ್ರೆನೋ ಗೋದಾಮೋ" ಅಂತ ಗದರಿ ಗೇಟಿನ ಹೊರಗೆ ಕಳಿಸಿದಳಂತೆ. ನಮ್ಮ ಅತ್ತಿಗೆ, ಎದುರು ಮಾತಾಡದೆ, ಕಟ್ಟು ಹೊತ್ತುಕೊಂಡು ಗೇಟಿನಾಚೆ ಮರದ ಕೆಳಗೆ ಹೋಗಿ ಕೂತರಂತೆ! ಇದನ್ನ ಹೇಳಿದರೆ ಮಂಡಿಯಲ್ಲಿ ಇವತ್ತಿಗೂ ಯಾರೂ ನಂಬಲ್ಲ. ಅವರು ಸುಮ್ಮನಿದ್ದದ್ದು ತಮ್ಮನ ಸಲುವಾಗಿ.

ಮನೆಯಲ್ಲಿ ನಮ್ಮವರಿಗೆ ಮೌನ. ಕತ್ತಿನ ಚರ್ಮ ಕಪ್ಪಾಯ್ತು, ನೀರು ನುಂಗಿದರೂ ಕಣ್ಣಲ್ಲಿ ನೀರು. ಮಾತಾಡಬೇಡಿ ಅಂದಿದ್ದರು ಡಾಕ್ಟರ್, ಬೇಕಾದ್ದಕ್ಕೆ ಚಪ್ಪಾಳೆ ತಟ್ಟೋರು. ಒಂದು ತಟ್ಟಿದರೆ ನೀರು, ಎರಡು ತಟ್ಟಿದರೆ ನಾನು. ಮದುವೆಯಾದಾಗಿಂದ ಇವರ ಬಾಯಿ ಒಂದು ದಿನ ಮುಚ್ಚಿದರೆ ಸಾಕು ಅಂತ ಹಂಬಲಿಸಿದವಳು ನಾನು. ಮುಚ್ಚಿದಾಗ ಮನೆ ತಿನ್ನೋಕೆ ಬಂದ ಹಾಗಾಯ್ತು. ಅಡುಗೆಮನೆಯಲ್ಲಿ ಬಾಗಿಲು ಹಾಕಿಕೊಂಡು ಅತ್ತಿದ್ದೀನಿ, ಹೇಳೋಕೆ ನಾಚಿಕೆ ಯಾಕೆ?

ಚಿಕಿತ್ಸೆ ಮುಗಿದ ಮೇಲಿನ ಸಭೆಯಲ್ಲಿ ತೂಕದವನ ಹೆಂಡತಿ ಖರ್ಚು ಓದಿದಳು. ತೂಕದವನಿಗೆ ಹೋದದ್ದರ ಪಕ್ಕದಲ್ಲಿ ಇಟ್ಟರೆ ನಮ್ಮದು ಚಿಟಿಕೆ. ಪೆಟ್ಟಿಗೆ ಅರ್ಧವೂ ಕರಗಿರಲಿಲ್ಲ. ಸಾಹುಕಾರರು ತಾವೇ ಎದ್ದು, "ಇದು ಧರ್ಮ ಅಂತ ಕೈ ಎತ್ತಿದ್ದೆ, ನೋಡಿದರೆ ವ್ಯಾಪಾರದ ಲೆಕ್ಕದಲ್ಲೂ ದಬ್ಬಳದಕ್ಕನೇ ಗೆದ್ದಳು" ಅಂದರು. ಆಮೇಲಿಂದ ಹಮಾಲರು ಡಾಕ್ಟರಿಗೆ ಬಾಯಿ ತೋರಿಸಿಕೊಂಡು ಬಂದರು, ಆರಿಸೋ ಹೆಂಗಸರು ಗುಂಪುಗುಂಪಾಗಿ ಹೋಗಿ ಬಂದರು. ಶುಂಠಿ ಅಂಗಡಿಯವಳ ಎದೆಯಲ್ಲಿ ಸಣ್ಣ ಗಂಟು ಸಿಕ್ಕಿತು, ಸಣ್ಣ ಆಪರೇಷನ್ನಿನಲ್ಲೇ ಹೋಯ್ತು, ಈಗ ಮೊದಲಿನ ಹಾಗೇ ತೂಕದಲ್ಲಿ ಮೋಸ ಮಾಡ್ತಾಳೆ. ಬಹಳ ಜನಕ್ಕೆ ಏನೂ ಇರಲಿಲ್ಲ. ಏನೂ ಇಲ್ಲ ಅಂತ ಬಂದವರನ್ನೆಲ್ಲ ಅತ್ತಿಗೆ ನನ್ನ ಅಂಗಡಿಗೆ ಕರ್ಕೊಂಡು ಬಂದು ಟೀ ಕುಡಿಸಿದರು, ನನ್ನ ಖರ್ಚಿನಲ್ಲಿ.

ಒಂದು ದಿನ ಡಾಕ್ಟರ್ ಮತ್ತೆ ಕೊಳವೆ ಬಿಟ್ಟು ನೋಡಿ, ಗಂಟಲು ಸ್ವಚ್ಛ ಅಂದಳು. ಇನ್ನೂ ಕೆಲವು ತಿಂಗಳು ಕಳೆದ ಮೇಲೆ, ಕೂಗಿ ನೋಡಿ, ನೋವಾದರೆ ತಕ್ಷಣ ನಿಲ್ಲಿಸಿ ಅಂದಳು. ಮನೆಯಲ್ಲಿ ಮಾತು ಬಂದಿತ್ತು, ತೆಳ್ಳಗೆ. ಕೂಗು ಬರುತ್ತಾ ಅನ್ನೋದು ದೇವರಿಗೇ ಗೊತ್ತಿತ್ತು. ಆಗೋದಿಲ್ಲ ಅಂದರೆ ಮೂಟೆ ಎಣಿಸೋ ಕೆಲಸ ಕೊಡ್ತೀನಿ ಅಂತ ಸಾಹುಕಾರರು ಮೊದಲೇ ಹೇಳಿದ್ದರು. ಒಳ್ಳೆ ಮನಸ್ಸಿನಿಂದಲೇ ಹೇಳಿದ್ದು, ಆದರೆ ಅವತ್ತು ನಮ್ಮವರು ಊಟ ಬಿಟ್ಟರು.

ಕೂಗಿ ನೋಡೋ ದಿನ ಬೆಳಗ್ಗೆ ಮಂಡಿ ತುಂಬಿತ್ತು. ನಮ್ಮವರು ಕಟ್ಟೆ ಹತ್ತಿದರು. ಹಮಾಲರು ಮೂಟೆ ಬೆನ್ನ ಮೇಲಿಟ್ಟುಕೊಂಡೇ ನಿಂತರು, ಲಾರಿಯವನು ಇಂಜಿನ್ ಆರಿಸಿದ. ನಾನು ಸ್ಟೌ ಆರಿಸಿ ಹೊರಗೆ ಬಂದೆ. ಅತ್ತಿಗೆ ಮಾತ್ರ ಬಂದಿರಲಿಲ್ಲ. ಅವರ ಚೀಲದ ಷೆಡ್ಡು ಮಂಡಿಯ ಆಚೆ ತುದಿಯಲ್ಲಿ, ಲಾರಿ ಸಾಲಿನ ಹಿಂದೆ. ಕರೆಯೋಕೆ ಹೋದವರಿಗೆ "ನಂಗೆ ಕೆಲಸ ಇದೆ" ಅಂದರಂತೆ. ಹೆದರಿಕೆ ಕಣ್ರೀ, ಹೆದರಿಕೆ. ದಬ್ಬಳದಕ್ಕನಿಗೂ ಹೆದರಿಕೆ ಆಗುತ್ತೆ.

ನಮ್ಮವರು ಎದುರಿಗಿದ್ದ ಬದನೆಕಾಯಿ ರಾಶಿ ನೋಡಿದರು. ಗಂಟಲು ಸರಿಮಾಡಿಕೊಂಡರು. ಬಾಯಿ ತೆರೆದರು, ಮುಚ್ಚಿದರು. ಆಮೇಲೆ ಬದನೆಕಾಯಿಯನ್ನ ಬಿಟ್ಟು, ತಲೆ ಎತ್ತಿ, ಲಾರಿಗಳ ಆಚೆ ನೋಡ್ತಾ, ಎದೆಯಲ್ಲಿದ್ದ ಉಸಿರನ್ನೆಲ್ಲ ಸೇರಿಸಿ ಕೂಗಿದರು:

"ಅಕ್ಕಾ!"

ಗೊರಗೊರ ಇರಲಿಲ್ಲ. ಮೊದಲಿನ ಗಂಟೆಯೂ ಅಲ್ಲ, ಅದಕ್ಕಿಂತ ತೆಳ್ಳಗಿತ್ತು. ಹೋಗಿ ಮುಟ್ಟಿತೋ ಇಲ್ಲವೋ ಅಂತ ಇಡೀ ಮಂಡಿ ಉಸಿರು ಹಿಡಿದು ಆಚೆ ತುದಿಗೆ ಕಿವಿ ಕೊಟ್ಟಿತು.

"ಏನೋ ಅದು? ನಾನೇನು ಕಿವುಡಿನಾ, ಹಾಗೆ ಕಿರುಚ್ತೀಯಲ್ಲೋ!"